ಹನ್ನೊಂದನೆಯ ಸೋಮವಾರ

ಬಾಗೇವಾಡಿಯಿಂದ ಮಸೂತಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ತೊಡೆಯ ಮೇಲೊಂದು ಕೈಚೀಲ ಇಟ್ಟುಕೊಂಡು ಕುಳಿತಿದ್ದಳು. ಮರುದಿನ ಶ್ರಾವಣದ ಮೊದಲ ಸೋಮವಾರ. ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಎಲ್ಲ ಆ ಚೀಲದಲ್ಲಿದ್ದವು. ರಸ್ತೆಯ ತೆಗ್ಗಿಗೆ ಬಸ್ಸು ಎಗರಿದಾಗ ಕರ್ಪೂರದ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತೋ ಏನೋ, ವಾಸನೆ ಘಮ್ಮೆಂದು ಬಂತು. ಉಳಿದವರಿಗೆ ದೇವರು ನೆನಪಾಗಿರಬೇಕು. ನನಗೆ ಹಿಮ ನೆನಪಾಯಿತು.

ಹಿಮಾಲಯದಲ್ಲಿ ಎತ್ತರಕ್ಕೆ ಹೋದ ಹಾಗೆ ಗೈಡುಗಳು ಕರ್ಪೂರವನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಕೊರಳಿಗೆ ಕಟ್ಟಿಕೊಳ್ಳಬೇಕು, ಉಸಿರು ಸಾಲದಾದಾಗ ಮೂಸಬೇಕು. ಅದರಿಂದ ಉಪಯೋಗ ಎಷ್ಟೋ ನನಗೆ ಗೊತ್ತಿಲ್ಲ. ಮನಸ್ಸಿಗೆ ಒಂದು ಧೈರ್ಯ, ಅಷ್ಟೆ. ಎರಡು ವರ್ಷದ ಹಿಂದೆ ಆರು ವಿದ್ಯಾರ್ಥಿಗಳ ಕೊರಳಿಗೆ ನಾನೇ ಅದನ್ನು ಕಟ್ಟಿದ್ದೆ. ಐವರನ್ನು ವಾಪಸ್ಸು ಕರೆದುಕೊಂಡು ಬಂದೆ.

ಆರನೆಯವಳು ಭಾಗ್ಯಶ್ರೀ, ಮಸೂತಿಯ ಕುರಿಗಾರರ ಮನೆಯ ಹುಡುಗಿ. ಅವಳ ತಂದೆ ಮಾಳಪ್ಪ ಹಿಂದಿನ ವಾರ ನಮ್ಮ ಕಾಲೇಜಿನ ಗೇಟಿಗೆ ಬಂದು ನಿಂತಿದ್ದರು. ಹೆಗಲ ಮೇಲೆ ಕಂಬಳಿ. ಒಳಗೆ ಬನ್ನಿ ಎಂದರೆ ಬರಲಿಲ್ಲ.

“ನಮ್ಮಾಕಿ ನಿಮ್ಮನ್ನ ಒಂದ ಮಾತ ಕೇಳಬೇಕಂತಾಳ್ರಿ ಅಕ್ಕೋರ. ಐತವಾರ ಬಿಡುವಿದ್ರ ಬಂದ ಹೋಗ್ರಿ,” ಎಂದರು. ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುವುದು ನಮ್ಮ ಹಳ್ಳಿಗಳ ರೂಢಿ.

ಭಾಗ್ಯಶ್ರೀಯ ತಾಯಿ ಸಾಬವ್ವ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಆ ದಿನ ಮಗಳು ಉಂಡಿದ್ದಳೋ ಇಲ್ಲವೋ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿಯೇ ಎರಡು ವರ್ಷ ನಾನು ಮಸೂತಿಯ ದಾರಿ ಹಿಡಿದಿರಲಿಲ್ಲ. ಖರೇ ಉತ್ತರ ನನ್ನ ಹತ್ತಿರ ಇತ್ತು. ಅದನ್ನು ಹೇಳಬೇಕೋ ಬೇಡವೋ ಎಂಬುದು ಬಸ್ಸು ಹತ್ತಿದ ಮೇಲೂ ಬಗೆಹರಿದಿರಲಿಲ್ಲ.

ನಾನು ಹುಟ್ಟಿದ್ದು ಇಂಡಿಯಲ್ಲಿ, ನಿಂಬೆ ತೋಟಗಳ ನಡುವೆ. ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಭೂಗೋಳ ಹೇಳುತ್ತೇನೆ. ನಮ್ಮ ಸೀಮೆ ಎಂಥದ್ದೆಂದರೆ ಬೆಳಿಗ್ಗೆ ಬಿಟ್ಟ ಎತ್ತು ಮಧ್ಯಾಹ್ನದವರೆಗೂ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಅಷ್ಟು ಬಯಲು. ಇಂಥಲ್ಲಿ ಹುಟ್ಟಿದವಳಿಗೆ ಬೆಟ್ಟದ ಹುಚ್ಚು ಹೇಗೆ ಹಿಡಿಯಿತೆಂದು ಎಲ್ಲರೂ ಕೇಳಿದ್ದಾರೆ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಒಂದು ಶಿಬಿರದ ನೆಪದಲ್ಲಿ ಹಿಮಾಲಯಕ್ಕೆ ಹೋದೆ, ಅಲ್ಲಿಂದ ಪೂರ್ತಿ ಬರಲೇ ಇಲ್ಲ ಎಂದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಹೋಗದಿದ್ದರೆ ಮೈಯಲ್ಲಿ ಏನೋ ಕಡಿಮೆಯಾದ ಹಾಗಿರುತ್ತಿತ್ತು. ಚಡಚಣದಿಂದ ನನ್ನನ್ನು ನೋಡಲು ಬಂದ ಬೀಗರು, ಹುಡುಗಿ ರಜೆಯಲ್ಲಿ ಗುಡ್ಡ ಹತ್ತಲು ಹೋಗುತ್ತಾಳೆಂದು ಕೇಳಿ, ಅವಲಕ್ಕಿ ತಿಂದು ಚಹಾ ಕುಡಿದು ಎದ್ದು ಹೋದರು. ಆಮೇಲೆ ಯಾರೂ ಬರಲಿಲ್ಲ, ನಾನೂ ಕಾಯಲಿಲ್ಲ.

ಹಾಗೆ ಒಬ್ಬಳೇ ಹೋಗಿ ಬರುತ್ತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕಂಡದ್ದನ್ನು ಹಂಚಿಕೊಳ್ಳದೆ ಇರಲಾರದ ಚಟ ಮಾಸ್ತರಿಕೆಗೆ ಅಂಟಿಕೊಂಡೇ ಬರುತ್ತದೆ. ಹುಡುಗರಿಗೆ ಹಿಮನದಿ, ಕಣಿವೆ, ಶಿಖರ ಎಂದು ಹಲಗೆಯ ಮೇಲೆ ಗೀಟು ಎಳೆದು ತೋರಿಸುವಾಗ ನನಗೇ ನಾಚಿಕೆಯಾಗುತ್ತಿತ್ತು. ಅವರ ಪೈಕಿ ಕಾಲುವೆಯ ಏರಿಗಿಂತ ಎತ್ತರದ್ದೇನನ್ನೂ ಹತ್ತಿದವರಿರಲಿಲ್ಲ. ಆ ವರ್ಷ ಕಾರಹುಣ್ಣಿಮೆ ಮುಗಿದ ಮರುದಿನ ನೋಟೀಸು ಹಾಕಿದೆ: ದಸರೆಯ ರಜೆಯಲ್ಲಿ ಹದಿನಾಲ್ಕು ಸಾವಿರ ಅಡಿಯ ಶಿಖರ, ಬರುವವರು ಹೆಸರು ಕೊಡಿ, ದಿನಾ ನಸುಕಿನಲ್ಲಿ ತಾಲೀಮು ಇರುತ್ತದೆ. ಮೊದಲ ದಿನ ಇಪ್ಪತ್ತು ಜನ ಬಂದರು. ನಾಗರಪಂಚಮಿಯ ಹೊತ್ತಿಗೆ ಆರು ಜನ ಉಳಿದರು.

ನಮ್ಮ ತಾಲೀಮು ನಡೆಯುತ್ತಿದ್ದುದು ಊರ ಹೊರಗಿನ ನೀರಿನ ಟಾಕಿಯ ಮೆಟ್ಟಿಲುಗಳ ಮೇಲೆ. ಬೆನ್ನಿನ ಚೀಲದಲ್ಲಿ ಹತ್ತು ಸೇರು ಜೋಳ ತುಂಬಿಕೊಂಡು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಹೊಲಕ್ಕೆ ಹೋಗುವವರು ನಿಂತು ನೋಡುತ್ತಿದ್ದರು.

“ಅಲ್ಲೋ, ಟಾಕ್ಯಾಗ ನೀರ ಐತೋ ಇಲ್ಲೋ ನೋಡಾಕ ಇಷ್ಟ ಮಂದಿ ಬೇಕೇನ?” ಎಂದು ಒಬ್ಬರು ಕೂಗಿದರೆ, ಗೊಳಸಂಗಿಯ ಸಂಗಮೇಶ ಮೇಲಿನಿಂದಲೇ, “ಕಾಕಾ, ಇಲ್ಲಿಂದ ಹಿಮಾಲಯ ಕಾಣಸ್ತೈತಿ, ಬರ್ತೀಯೇನ?” ಎನ್ನುತ್ತಿದ್ದ. ಬಾಯಿ ಸುಮ್ಮನಿರದ ಹುಡುಗ. ಅವನಿಂದಾಗಿ ಉಳಿದವರು ದಣಿವು ಮರೆಯುತ್ತಿದ್ದರು.

ಭಾಗ್ಯಶ್ರೀ ಮಾತ್ರ ದಣಿಯುತ್ತಿರಲಿಲ್ಲ. ಎಲ್ಲರೂ ಅವಳನ್ನು ಭಾಗಿ ಎನ್ನುತ್ತಿದ್ದರು. ಮೊದಲ ದಿನ ಹುಡುಗರೆಲ್ಲ ದಡದಡ ಓಡಿ ಹತ್ತಿ ಅರ್ಧಕ್ಕೇ ಏದುಸಿರು ಬಿಡುತ್ತ ಕುಳಿತರು. ಅವಳು ಒಂದೇ ಸಮ, ಅವಸರವಿಲ್ಲದೆ, ನಿಲ್ಲದೆ, ಅವರನ್ನೆಲ್ಲ ದಾಟಿ ಹೋದಳು. ಎತ್ತರದ ಜಾಗದಲ್ಲಿ ನಡೆಯಬೇಕಾದದ್ದು ಹಾಗೆಯೇ. ಬೇರೆಯವರಿಗೆ ಆ ನಡಿಗೆ ಕಲಿಸಲು ನನಗೆ ಎರಡು ತಿಂಗಳು ಹಿಡಿಯಿತು. ನಿನಗೆ ಯಾರು ಕಲಿಸಿದರು ಎಂದು ಕೇಳಿದೆ.

“ಕುರಿ ಹಿಂದ ಓಡಿದ್ರ ಕುರಿ ಬೆದರತಾವ್ರಿ. ನಿಂತ್ರ ಚೆದರತಾವ್ರಿ,” ಎಂದಳು.

ಅವತ್ತೇ ನಾನು ಮನಸ್ಸಿನಲ್ಲಿ ಅವಳನ್ನು ಶಿಖರದ ಮೇಲೆ ನಿಲ್ಲಿಸಿಬಿಟ್ಟೆ. ಯಾರು ಮುಟ್ಟಲಿ ಬಿಡಲಿ, ಇವಳು ಮುಟ್ಟುತ್ತಾಳೆ. ನಾನು ಕಂಡದ್ದನ್ನು ಇವಳು ಕಂಡರೆ ನನ್ನ ಮಾಸ್ತರಿಕೆ ಸಾರ್ಥಕ ಎಂದುಕೊಂಡೆ. ಆಸೆ ನನ್ನದಾಗಿತ್ತು, ಹೊತ್ತುಕೊಂಡು ಹತ್ತಿದವಳು ಅವಳು.

ಒಪ್ಪಿಗೆ ಕೇಳಲು ಅವರ ಮನೆಗೆ ಹೋದೆ. ಊರಿನ ಅಂಚಿನಲ್ಲಿ ತಗಡಿನ ಮನೆ, ಪಕ್ಕದಲ್ಲೇ ಕುರಿ ದಡ್ಡಿ. ಮಾಳಪ್ಪ ಬೇಗ ಒಪ್ಪಿದರು. “ದಿನಾ ನಾಕ ಹರದಾರಿ ಅಡ್ಡ್ಯಾಡತಾಳ್ರಿ ಅಕಿ. ನಡಿಗೀಗೇನ ಅಂಜಿಕಿ ಇಲ್ಲ,” ಎಂದರು. ಸಾಬವ್ವ ಒಪ್ಪಲಿಲ್ಲ. ಎರಡು ಸಲ ಹೋದಾಗಲೂ ತಲೆ ಅಲ್ಲಾಡಿಸಿದರು. ಮೂರನೆಯ ಸಲ ಒಂದು ಷರತ್ತು ಹಾಕಿದರು.

“ಹದಿನಾರ ಸೋಮವಾರ ಹಿಡೀಲ್ರಿ. ನಾ ಹಿಡದಿದ್ದೆ, ಅದಕ್ಕ ಇಕಿ ಹುಟ್ಟ್ಯಾಳ. ದೇವ್ರ ಕಾಯತಾನ. ವಾರಾ ಬಿಡಂಗಿಲ್ಲ ಅಂದ್ರ ಹೋಗ್ಲಿ.”

ಸೋಮವಾರದ ವ್ರತ ನನಗೆ ಹೊಸದೇನೂ ಆಗಿರಲಿಲ್ಲ. ನಮ್ಮವ್ವನೂ ಹಿಡಿಯುತ್ತಿದ್ದಳು. ಸಂಜೆಯವರೆಗೆ ಉಪವಾಸ, ಪೂಜೆ ಮುಗಿದ ಮೇಲೆ ಗೋದಿ ಬೆಲ್ಲದ ಮಾದಲಿ ತಿಂದು ಬಿಡುವುದು. ಆದರೆ ನಮ್ಮ ಮನೆಯಲ್ಲಿ ಚಹಾಕ್ಕೆ ಮಾಫಿ ಇತ್ತು. ಸಾಬವ್ವನದು ಕಟ್ಟುನಿಟ್ಟು, ಸಂಜೆ ದೀಪ ಹಚ್ಚುವವರೆಗೆ ಹನಿ ನೀರೂ ಬಾಯಿಗೆ ಹೋಗಬಾರದು. ನಾನು ಲೆಕ್ಕ ಹಾಕಿದೆ: ಶ್ರಾವಣದ ಮೊದಲ ಸೋಮವಾರ ಹಿಡಿದರೆ ನಾವು ಬೆಟ್ಟದ ಮೇಲಿರುವಾಗ ಹನ್ನೊಂದನೆಯದು ಬರುತ್ತದೆ. ಅಲ್ಲಿ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಸುಮ್ಮನಾದೆ. ಅಲ್ಲಿಯೇ ಬಾಯಿ ಬಿಡಬೇಕಾಗಿತ್ತು. ಒಪ್ಪಿಗೆ ಕೈತಪ್ಪಿ ಹೋದೀತೆಂದು ಬಿಡಲಿಲ್ಲ.

ಆ ವರ್ಷ ಮಳೆ ಆಟ ಆಡಿಸಿತು. ಮೋಡ ಬರುವುದು, ಗಾಳಿ ಬೀಸುವುದು, ಟಾಕಿಯ ಮೇಲೆ ನಾಲ್ಕು ಹನಿ ಟಪಟಪ ಬಿದ್ದು ಕರಿ ಎರೆಮಣ್ಣಿನ ವಾಸನೆ ಎದ್ದು, ಅಷ್ಟರಲ್ಲಿ ಬಿಸಿಲು. ಉತ್ತರೆ ಮಳೆಯ ಹೊತ್ತಿಗೆ ಬಿಸಿಲು ಬೇಸಿಗೆಯನ್ನೂ ಮೀರಿಸಿತ್ತು. ಅಂಥದ್ದೊಂದು ಸೋಮವಾರ ಕಾಲೇಜು ಮುಗಿದ ಮೇಲೆ ತಾಲೀಮು ಇಟ್ಟೆ. ಹುಡುಗರು ಬಾಟಲಿಗಟ್ಟಲೆ ನೀರು ಕುಡಿದು ನೆರಳು ಹುಡುಕುತ್ತಿದ್ದರು. ಭಾಗಿ ತುಟಿ ಒಣಗಿ ಬಿಳಿಚಿದ್ದರೂ ಎಂಟು ಸಲ ಹತ್ತಿ ಇಳಿದಳು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ.

“ನೋಡ್ರಿ. ಬಾಯಾಗ ಹನಿ ನೀರ ಹಾಕಲಾರದಾಕಿ ನಿಮ್ಮೆಲ್ಲಾರ್ಕಿಂತ ಮುಂದ ಅದಾಳ. ಛಲ ಅಂದ್ರ ಇದ. ನಾಚಿಕಿ ಬರಬೇಕ ನಿಮಗ,” ಎಂದೆ.

ಹುಡುಗರು ಚಪ್ಪಾಳೆ ತಟ್ಟಿದರು. ಭಾಗಿ ತಲೆ ತಗ್ಗಿಸಿ ನಕ್ಕಳು. ಅವಳನ್ನು ಅಷ್ಟು ಜನರ ಮುಂದೆ ಹೊಗಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲವೇನೋ. ಎತ್ತರದಲ್ಲಿ ನೀರು ಕುಡಿಯದವರು ಉಳಿಯುವುದಿಲ್ಲ ಎಂದು ಪುಸ್ತಕ ಹಿಡಿದು ಪಾಠ ಹೇಳಿದವಳೂ ನಾನೇ, ನೀರು ಕುಡಿಯದವಳಿಗೆ ಚಪ್ಪಾಳೆ ತಟ್ಟಿಸಿದವಳೂ ನಾನೇ. ಅವಳು ಯಾವುದನ್ನು ನಂಬಿದಳೆಂದು ಆಮೇಲೆ ಗೊತ್ತಾಯಿತು.

ದಸರೆಯಾದ ಮೇಲೆ ಹೊರಟೆವು. ಸೊಲ್ಲಾಪುರದಿಂದ ರೈಲು, ದೆಹಲಿಯಿಂದ ಬಸ್ಸು, ಆಮೇಲೆ ಜೀಪು. ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಹಿಂಡಿ, ಇಂಡಿಯ ನಿಂಬೆಹಣ್ಣು. ರೈಲಿನಲ್ಲಿ ಸಂಗಮೇಶ ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಡಬ್ಬಿಯವರು ಬಂದು ನೋಡಿದರು. ಅವರಿಗೂ ಕೊಟ್ಟ. ಬೆಟ್ಟದ ಬುಡದ ಹಳ್ಳಿಯಲ್ಲಿ ಇಳಿದಾಗ ಎಲ್ಲರೂ ಬಾಯಿ ಮುಚ್ಚಿಕೊಂಡು ತಲೆ ಎತ್ತಿ ನಿಂತುಬಿಟ್ಟರು. ಆ ಮೌನ ನೋಡಲೆಂದೇ ನಾನು ಅಷ್ಟು ದೂರ ಕರೆದುಕೊಂಡು ಹೋದದ್ದು. ನನ್ನ ಬದುಕಿನಲ್ಲಿ ಅದೊಂದು ಒಳ್ಳೆಯ ಗಳಿಗೆ. ಈಗ ಅದನ್ನು ನೆನೆದರೆ ಒಳ್ಳೆಯದೂ ಅನಿಸುವುದಿಲ್ಲ, ಕೆಟ್ಟದ್ದೂ ಅನಿಸುವುದಿಲ್ಲ.

ಎರಡನೆಯ ದಿನ ದಾರಿಯಲ್ಲಿ ಕುರಿಮಂದೆ ಎದುರಾಯಿತು. ಭಾಗಿ ಸಾಲು ಬಿಟ್ಟು ಅದರೊಳಗೆ ಹೋದಳು. ಅಲ್ಲಿಯ ಕುರಿಗಾರ ಮುದುಕನಿಗೆ ಕನ್ನಡ ಬಾರದು, ಇವಳಿಗೆ ಅವನ ಮಾತು ಬಾರದು. ಒಂದು ಟಗರಿನ ಬಾಯಿ ಬಿಡಿಸಿ ಹಲ್ಲು ನೋಡಿ ಬೆರಳು ಮಡಚಿ ಅದರ ವಯಸ್ಸು ಹೇಳಿದಳು. ಮುದುಕ ಹೋ ಎಂದು ನಕ್ಕು ಅವಳ ಬೆನ್ನು ಚಪ್ಪರಿಸಿದ.

“ಅಕ್ಕೋರ, ಉಣ್ಣೆ ಏನ ಮೆತ್ತಗ ಐತ್ರಿ ಇವುಂದು! ನಮ್ಮಪ್ಪ ನೋಡಬೇಕಿತ್ತು,” ಎನ್ನುತ್ತ ಕೈ ಮೂಸುತ್ತಲೇ ಬಂದಳು. ಆಮೇಲೆ ಅರ್ಧ ದಾರಿ ಅದೇ ಮಾತು.

ಭಾನುವಾರ ಮಧ್ಯಾಹ್ನ ಕೊನೆಯ ಡೇರೆಗೆ ಮುಟ್ಟಿದೆವು. ಎಲ್ಲರಿಗೂ ಅಷ್ಟಿಷ್ಟು ತಲೆನೋವಿತ್ತು. ಗೈಡ್ ವಯಸ್ಸಾದವರು, ಆ ಬೆಟ್ಟವನ್ನು ನೂರು ಸಲ ಹತ್ತಿದವರು. ಎಲ್ಲರನ್ನೂ ಕೂರಿಸಿ, ನಾಳೆ ಏಳುತ್ತಲೇ ಬಿಸಿ ನೀರು, ಚಹಾ, ಗಂಜಿ, ಏನು ಕೊಟ್ಟರೂ ಕುಡಿಯಬೇಕು, ಇದು ನನ್ನ ಆಜ್ಞೆ ಎಂದು ಹೇಳಿದರು. ನಾನು ಭಾಗಿಯನ್ನು ಒಂದು ಕಡೆ ಕರೆದೆ.

“ನಾಳೆ ಸೋಮವಾರ. ಇಲ್ಲಿ ವಾರಾ ನಡ್ಯಂಗಿಲ್ಲ ಭಾಗಿ. ದೇವ್ರಿಗೆ ತಿಳೀತೈತಿ. ಕಡೀಕ ನೀರರ ಕುಡಿ.”

“ಹ್ಞೂಂ ರೀ ಅಕ್ಕೋರ,” ಎಂದಳು. ಅವಳು ಎಂದೂ ನನ್ನ ಮಾತಿಗೆ ಇಲ್ಲ ಎಂದವಳಲ್ಲ.

ಬೆಳಿಗ್ಗೆ ಬೆಳಕು ಹರಿಯುವಾಗ ಎಲ್ಲರ ಕೈಗೂ ಚಹಾ ಬಂತು. ನಾನು ಬೂಟಿನ ಲಾಡಿ ಬಿಗಿಯುತ್ತಿದ್ದೆ. ಭಾಗಿ ಲೋಟ ಹಿಡಿದುಕೊಂಡು ಡೇರೆಯ ಹಿಂದೆ ಹೋದಳು, ಖಾಲಿ ಲೋಟ ತಂದಳು. ಹೊರಡುವಾಗ ನಾನು ಆ ಕಡೆ ಹಾದು ಹೋದೆ. ಹಿಮದಲ್ಲಿ ಕಂದು ಬಣ್ಣದ ಒಂದು ತೂತು ಬಿದ್ದಿತ್ತು, ಇನ್ನೂ ಸಣ್ಣಗೆ ಹಬೆಯಾಡುತ್ತಿತ್ತು. ಸುತ್ತ ಅವಳ ಬೂಟಿನ ಗುರುತುಗಳು.

ಅದನ್ನು ನಾನು ನೋಡಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನೋಡಿಯೂ ಅವಳನ್ನು ಕರೆಯಲಿಲ್ಲ. ಗೈಡ್ ಹೊರಡಿ ಹೊರಡಿ ಎನ್ನುತ್ತಿದ್ದರು, ಆಕಾಶ ತಿಳಿಯಾಗಿತ್ತು, ಶಿಖರ ಕೈಗೆ ಸಿಗುವ ಹಾಗೆ ಕಾಣುತ್ತಿತ್ತು. ಗೈಡಿಗೆ ತಿಳಿದರೆ ಅವಳನ್ನು ಡೇರೆಯಲ್ಲೇ ಬಿಡುತ್ತಾರೆ. ಹತ್ತು ಸೋಮವಾರ ಹೀಗೆಯೇ ತೆಗೆದಿದ್ದಾಳೆ, ಗಟ್ಟಿ ಹುಡುಗಿ, ಮಧ್ಯಾಹ್ನದೊಳಗೆ ಇಳಿದು ಬರುತ್ತೇವೆ ಎಂದುಕೊಂಡೆ. ನನ್ನ ಕಾಲಿನಿಂದಲೇ ಒಂದಿಷ್ಟು ಹಿಮ ಸರಿಸಿ ಆ ತೂತು ಮುಚ್ಚಿದೆ.

ಎರಡು ತಾಸು ಚೆನ್ನಾಗಿಯೇ ನಡೆದಳು. ಆಮೇಲೆ ನಾನು ತಿರುಗಿ ನೋಡಿದಾಗಲೆಲ್ಲ ಒಬ್ಬೊಬ್ಬರ ಹಿಂದಕ್ಕೆ ಬೀಳುತ್ತ ಬಂದಳು. ಸಾಲಿನ ಕೊನೆಗೆ ಬಂದಾಗ ಕೆಮ್ಮು ಶುರುವಾಗಿತ್ತು.

“ಯಾಕ ಭಾಗಿ?”

“ಏನಿಲ್ರಿ. ಗಂಟಲಾ ಒಣಗೈತ್ರಿ.”

“ನೀರ ಕುಡಿ. ನಾ ಹೇಳಾಕತ್ತೇನಿ, ಕುಡಿ.”

“ಸಂಜೀಕ ಕುಡೀತೇನ್ರಿ ಅಕ್ಕೋರ. ಇನ್ನ ಐದ ವಾರ ಅಷ್ಟ ಉಳದಾವ್ರಿ.”

ತುದಿ ಇನ್ನೊಂದು ತಾಸಿನ ದಾರಿ ಇತ್ತು. ನಾನು ಮುಂದೆ ನಡೆದೆ. ಅರ್ಧ ತಾಸಿನ ಮೇಲೆ ಸಂಗಮೇಶ ಹಿಂದಿನಿಂದ ಕೂಗಿದ. ಭಾಗಿ ಹಿಮದಲ್ಲಿ ಕುಳಿತುಬಿಟ್ಟಿದ್ದಳು. ತುಟಿ ನೀಲಿಗಟ್ಟಿತ್ತು. ಗೈಡ್ ಅವಳ ಬೆನ್ನಿಗೆ ಕಿವಿ ಇಟ್ಟು ಕೇಳಿದರು, ನನ್ನ ಮುಖ ನೋಡಿದರು, ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯತೊಡಗಿದರು. ಉಳಿದವರನ್ನು ಅವರ ಸಹಾಯಕ ಕರೆದುಕೊಂಡು ಬಂದ. ಸಂಗಮೇಶ ಅವಳ ಚೀಲ ಹೊತ್ತುಕೊಂಡು ನನ್ನ ಜೊತೆಗಿದ್ದ.

ಡೇರೆಯಲ್ಲಿದ್ದ ಆಕ್ಸಿಜನ್ ಹಾಕಿದೆವು, ಮತ್ತೆ ಇಳಿದೆವು. ಸೂರ್ಯ ನೆತ್ತಿ ದಾಟಿದ್ದನಷ್ಟೆ. ಹಿಮದ ಬೆಳಕು ಕಣ್ಣು ಕುಕ್ಕುತ್ತಿತ್ತು. ಭಾಗಿ ಗೈಡಿನ ಭುಜದ ಮೇಲೆ ಕೆನ್ನೆ ಇಟ್ಟುಕೊಂಡಿದ್ದಳು.

“ಅಕ್ಕೋರ, ಸಂಜಿ ಆತೇನ್ರಿ?”

“ಆತವ್ವಾ. ಸಂಜಿ ಆತು. ದೀಪಾ ಹಚ್ಚ್ಯಾರ. ಈಗ ಕುಡಿ.”

ಬಾಟಲಿ ತುಟಿಗೆ ಹಿಡಿದೆ. ನೀರು ಒಳಗೆ ಇಳಿಯಲಿಲ್ಲ, ಗಲ್ಲದ ಮೇಲೆ ಹರಿದು ಗೈಡಿನ ಕೋಟಿಗೆ ಬಿತ್ತು. ಆಮೇಲೆ ಅವಳು ಮಾತಾಡಲಿಲ್ಲ. ಹಳ್ಳಿಯ ಮನೆಗಳು ಕಾಣುವ ಹೊತ್ತಿಗೆ ಗೈಡ್ ನಡೆಯುವುದನ್ನು ನಿಲ್ಲಿಸಿದರು. ಬೆನ್ನಿನ ಭಾರ ಇದ್ದಕ್ಕಿದ್ದಂತೆ ಬೇರೆ ಥರ ಆಯಿತು ಎಂದು ಆಮೇಲೆ ಹೇಳಿದರು.

ನನಗೆ ಅಳು ಬರಲಿಲ್ಲ. ಸಂಗಮೇಶ ನೆಲಕ್ಕೆ ಕುಸಿದು ಅಳುತ್ತಿದ್ದ. ನಾನು ಅವನಿಗೆ ಹೊಟ್ಟೆಗೆ ಏನಾದರೂ ತಿಂದೆಯಾ ಎಂದು ಕೇಳಿದೆ. ಆಮೇಲೆ ಅವಳ ಚೀಲ ಬಿಚ್ಚಿ ಸಾಮಾನು ಪಟ್ಟಿ ಮಾಡಿದೆ: ಸ್ವೆಟರ್ ಒಂದು, ಕಾಲುಚೀಲ ಎರಡು ಜೊತೆ, ಬಟ್ಟೆಯಲ್ಲಿ ಕಟ್ಟಿದ ಮಾದಲಿ. ಮಾಳಪ್ಪನವರಿಗೆ ಫೋನು ಮಾಡಿದೆ. ಹಾಜರಿ ಕರೆಯುವ ದನಿಯಲ್ಲೇ ವಿಷಯ ಹೇಳಿದೆನಂತೆ. ಆ ಕಡೆಯಿಂದ ಬಹಳ ಹೊತ್ತು ಕುರಿಗಳ ಸದ್ದು ಮಾತ್ರ ಕೇಳುತ್ತಿತ್ತು.

ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಎತ್ತರಕ್ಕೆ ಹೋದ ಎಂಥ ಗಟ್ಟಿಗರಿಗೂ ಹೀಗಾಗಬಹುದು ಎಂದರು ಡಾಕ್ಟರು. ನಾನು ಉಪವಾಸದ ಮಾತು ಎತ್ತಿದೆ. ಅದೇ ಕಾರಣವೆಂದು ಹೇಳಲು ಬರುವುದಿಲ್ಲ ಎಂದರು. ಒಳ್ಳೆಯದನ್ನಂತೂ ಮಾಡಿರಲಿಕ್ಕಿಲ್ಲ ಎಂದೂ ಸೇರಿಸಿದರು.

ಮಣ್ಣು ಮಾಡುವ ದಿನ ಮಸೂತಿಯಲ್ಲಿ ನಾನು ಜನರ ಹಿಂದೆ ನಿಂತಿದ್ದೆ. ಸಾಬವ್ವ ಗೋಡೆಗೆ ಒರಗಿ ಕುಳಿತಿದ್ದರು. ಅವರೂ ಅಳುತ್ತಿರಲಿಲ್ಲ. ಊರಲ್ಲಿ ಅದು ಸೀಗಿ ಹುಣ್ಣಿಮೆಯ ಸುತ್ತಿನ ದಿನ, ಜನ ಬುಟ್ಟಿ ಹೊತ್ತು, ಬೆಳೆಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಿದ್ದರು. ಆಮೇಲೆ ವಿಚಾರಣೆ ನಡೆಯಿತು. ಕೇಳಿದ್ದಕ್ಕೆಲ್ಲ ಬರೆದುಕೊಟ್ಟೆ. ಡೇರೆಯ ಹಿಂದೆ ಏನು ನೋಡಿದಿರಿ ಎಂಬ ಪ್ರಶ್ನೆ ಆ ಕಾಗದಗಳಲ್ಲಿ ಇರಲಿಲ್ಲ.

ಎರಡು ವರ್ಷ ಹೀಗೆಯೇ ಹೋದವು. ಬೆಟ್ಟಕ್ಕೆ ಹೋಗಲಿಲ್ಲ, ಹೋಗಬೇಕು ಅನಿಸಲೂ ಇಲ್ಲ. ಪಾಠ ಹೇಳುತ್ತೇನೆ, ಹಿಮನದಿಯ ಗೀಟು ಎಳೆಯುತ್ತೇನೆ, ಕೈ ನಡುಗುವುದಿಲ್ಲ. ಊಟಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನಾಲಗೆಗೆ ಗೊತ್ತಾಗುವುದಿಲ್ಲ. ಒಮ್ಮೆ ಕಾದ ಹೆಂಚಿನ ಮೇಲೆ ಅಂಗೈ ಇಟ್ಟು, ವಾಸನೆ ಬಂದ ಮೇಲೆ ತೆಗೆದೆ. ದುಃಖ ಎಂದರೆ ಇದೇ ಇರಬೇಕು ಎಂದು ಜನ ಹೇಳಿದರು. ನನಗೆ ದುಃಖ ಎಂದೂ ಅನಿಸಲಿಲ್ಲ, ಏನೂ ಅನಿಸಲಿಲ್ಲ.

ಮಸೂತಿಯಲ್ಲಿ ಬಸ್ಸಿಳಿದು ನಡೆದೆ. ಮಾಳಪ್ಪ ದಡ್ಡಿಯ ಹತ್ತಿರ ನಿಂತಿದ್ದರು. ಅಂಗಳದಲ್ಲಿ ಕಂಬಳಿ ಹಾಸಿದರು. ಸಾಬವ್ವ ನೀರು ತಂದಿಟ್ಟು ಎದುರಿಗೆ ಕುಳಿತರು. ಬಹಳ ಇಳಿದು ಹೋಗಿದ್ದರು.

“ನಾಳಿಂದ ಸ್ರಾವಣ ಸೋಮವಾರ,” ಎಂದರು. “ಎರಡ ವರ್ಷ ಆತ್ರಿ, ನಾ ವಾರಾ ಹಿಡದಿಲ್ಲ. ಗುಡಿ ಕಡೆ ಹೊಳ್ಳಿ ನೋಡಿಲ್ಲ. ನಿಮಗ ಒಂದ ಮಾತ ಕೇಳ್ತೇನ್ರಿ ಅಕ್ಕೋರ, ಖರೇ ಹೇಳ್ರಿ. ಅವತ್ತ ಭಾಗಿ ಉಂಡಿದ್ಲೋ, ಇಲ್ಲೋ?”

ಇಲ್ಲ ಎಂದರೆ ಮಗಳನ್ನು ಕೊಂದದ್ದು ತನ್ನ ಷರತ್ತೇ ಎಂದು ಈಕೆ ಸಾಯುವವರೆಗೆ ಬೇಯುತ್ತಾರೆ. ಖರೇ ಹೇಳಿದರೆ ನನ್ನ ಎದೆ ಹಗುರಾಗಬಹುದು, ಆದರೆ ಆ ಕಲ್ಲನ್ನು ಇಳಿಸಬೇಕಾದದ್ದು ಈಕೆಯ ತಲೆಯ ಮೇಲೆ. ನನಗೆ ಅಷ್ಟೇ ತೋಚಿತು.

“ಉಂಡಿದ್ಲು ಯವ್ವಾ,” ಎಂದೆ. “ಚಾ ಕುಡದು, ರೊಟ್ಟಿ ತಿಂದ ಹೊಂಟಿದ್ಲು. ಉಪಾಸ ಇದ್ದಿದ್ದಿಲ್ಲ.”

ಸಾಬವ್ವನ ಮುಖ ಹಗುರಾಗುತ್ತದೆ ಎಂದು ಕಾದೆ. ಅದು ಇನ್ನಷ್ಟು ಬಿಗಿಯಾಯಿತು.

“ಹಂಗಾರ ಮುರದ್ಲು,” ಎಂದರು ಮೆಲ್ಲಗೆ. “ಹೋಗೂ ಮುಂದ ಗಲ್ಲಾ ಹಿಡದು ಹೇಳಿದ್ದೆ, ಏನರ ಆಗ್ಲಿ ವಾರಾ ಬಿಡಬ್ಯಾಡ ಅಂತ. ಹ್ಞೂಂ ಅಂದಿದ್ಲು. ನನ್ನ ಮುಂದ ಸುಳ್ಳ ಹೇಳಿ ಹೋದ್ಲು. ದೇವ್ರ ತಪ್ಪಲ್ಲ, ಅಕೀದ ತಪ್ಪ. ತನ್ನ ಕೈಯಾರೆ ಮಾಡ್ಕೊಂಡ್ಲು.”

ಇದು ನನ್ನ ಲೆಕ್ಕದಲ್ಲಿರಲಿಲ್ಲ. ಬಾಯಾರಿ ಸತ್ತ ಹುಡುಗಿಯನ್ನು ನಾನು ಒಂದೇ ಮಾತಿನಲ್ಲಿ ತಾಯಿಗೆ ಸುಳ್ಳು ಹೇಳಿದ ಮಗಳನ್ನಾಗಿ ಮಾಡಿಬಿಟ್ಟಿದ್ದೆ. ನೀರು ಕೇಳುವ ಮೊದಲು ಸಂಜೆಯಾಯಿತೇ ಎಂದು ಕೇಳಿದವಳನ್ನು. ತಪ್ಪು ಹೊರಲು ಆ ಅಂಗಳದಲ್ಲಿ ಇದ್ದವರು ದೇವರು, ತಾಯಿ, ಮಗಳು. ಮತ್ತೆ ನಾನು.

“ಅಕಿ ಮುರೀಲಿಲ್ಲ ಯವ್ವಾ,” ಎಂದೆ. “ನಾ ಮುರಿಸಿದ್ನಿ. ಒಲ್ಲೆ ಅಂದ್ಲು. ನಮ್ಮವ್ವಗ ಮಾತ ಕೊಟ್ಟೇನಿ ಅಂತ ಅತ್ಲು. ನಾ ಬೈದು, ರಟ್ಟಿ ಹಿಡದು ಕುಂದ್ರಿಸಿ ತಿನಿಸಿದೆ. ಅಕೀದೇನೂ ತಪ್ಪಿಲ್ಲ.”

ಸಾಬವ್ವ ನನ್ನನ್ನೇ ನೋಡಿದರು. ಆಮೇಲೆ ಎದ್ದು ನಿಂತರು.

“ನೀ ಮುರಿಸಿದ್ಯಾ? ನಿನ್ನ ಕೈ ಸೇದಿ ಹೋಗ್ಲಿ! ನನ್ನ ಮಗಳ ವಾರಾ ಮುರಸಾಕ ನೀ ಯಾರ? ಕೂಸ ಒಲ್ಲೆ ಅಂತ ಅತ್ರೂ ಬಿಡಲಿಲ್ಲೇನ? ಹೊಟ್ಟೀಲೆ ಹಡದಿದ್ರ ತಿಳೀತಿತ್ತ ನಿನಗ! ಏಳ, ನನ್ನ ಅಂಗಳದಾಗಿಂದ ಏಳ!”

ಕಂಬಳಿಯನ್ನು ನನ್ನ ಕೆಳಗಿಂದ ಎಳೆದರು. ದಡ್ಡಿಯಲ್ಲಿ ಕುರಿಗಳು ಬೆದರಿ ಒಂದು ಮೂಲೆಗೆ ಸೇರಿದವು. ಅಲ್ಲಿಯೇ ನೆಲಕ್ಕೆ ಕುಳಿತು, ಎದೆ ಬಡಿದುಕೊಂಡು, ಭಾಗೀ ನನ್ನವ್ವಾ ಎಂದು ಹಾಡಿಕೊಂಡು ಅಳತೊಡಗಿದರು. ಪಕ್ಕದ ಮನೆಗಳ ಹೆಂಗಸರು ಓಡಿ ಬಂದರು.

ಮಾಳಪ್ಪ ನನ್ನನ್ನು ರಸ್ತೆಯವರೆಗೆ ಬಿಡಲು ಬಂದರು. “ಎರಡ ವರ್ಷದಾಗ ಅಕಿ ಅತ್ತಿದ್ದಿಲ್ರಿ,” ಎಂದರು.

ಬಸ್ಸು ಬರುವವರೆಗೆ ಅಲ್ಲಿಯೇ ನಿಂತಿದ್ದೆ. ಸಾಬವ್ವನ ದನಿ ರಸ್ತೆಯವರೆಗೂ ಕೇಳುತ್ತಿತ್ತು, ನನ್ನನ್ನು ಇನ್ನೂ ಬೈಯುತ್ತಿದ್ದರು. ಅವತ್ತು ಡೇರೆಯ ಹಿಂದೆ ನಾನು ಖರೇನೇ ರಟ್ಟೆ ಹಿಡಿದು, ಬೈದು, ಆ ಒಂದು ಲೋಟ ಚಹಾ ಕುಡಿಸಿದ್ದರೆ ಈ ಬೈಗುಳವನ್ನೆಲ್ಲ ಎರಡು ವರ್ಷದ ಹಿಂದೆಯೇ ಇದೇ ಅಂಗಳದಲ್ಲಿ ತಿಂದಿರುತ್ತಿದ್ದೆನೇನೋ. ಆಗ ತಾಯಿಯ ಬೆನ್ನ ಹಿಂದೆ ನಿಂತು, ಸುಮ್ಮನಿರ್ರಿ ಅಕ್ಕೋರ ಎಂದು ಭಾಗಿ ನನಗೆ ಸನ್ನೆ ಮಾಡುತ್ತಿರುತ್ತಿದ್ದಳು.